ಎಸ್‌ಎಸ್‌ಡಿ ಕೊಳ್ಳುವ ಮುನ್ನ ಯಂತ್ರದ ಮುಚ್ಚಳ ತೆಗೆದು ನೋಡಿ

ಮಾನ್ಯ ಸಂಪಾದಕರೇ,

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಮಂಡ್ಯ, ಮೈಸೂರಿನ ಅಂಗಡಿ, ಕಚೇರಿ, ಮನೆಗಳಲ್ಲಿ ಒಂದೇ ಮಾತು ಕೇಳುತ್ತಿದೆ: ‘ಹಳೇದು ತುಂಬಾ ಸ್ಲೋ, ಕೊಟ್ಟುಬಿಟ್ಟು ಹೊಸದು ತಗೊಳ್ಳೋಣ.’ ಆ ಹಳೇ ಯಂತ್ರಗಳಲ್ಲಿ ಬಹುಪಾಲಕ್ಕೆ ಇರುವ ಕಾಯಿಲೆ ಒಂದೇ, ಒಳಗೆ ತಿರುಗುತ್ತಿರುವ ಹಾರ್ಡ್ ಡಿಸ್ಕ್. ಅದರ ಜಾಗಕ್ಕೆ, ಚಿಪ್ಪುಗಳಲ್ಲೇ ಮಾಹಿತಿ ಇಡುವ ಸರಿಯಾದ ಎಸ್‌ಎಸ್‌ಡಿ ಹಾಕಿದರೆ ಇನ್ನೂ ಕೆಲವು ವರ್ಷ ದುಡಿಯುವ ಯಂತ್ರವನ್ನು ಗುಜರಿಗೆ ಹಾಕುವುದೆಂದರೆ ಬೆಣ್ಣೆ ಕೈಲಿಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗೆ.

ತೊಡಕಿರುವುದು ‘ಸರಿಯಾದ’ ಎಂಬ ಮಾತಿನಲ್ಲೇ. ಎಸ್‌ಎಸ್‌ಡಿ ಎಂಬ ಒಂದೇ ಹೆಸರಿನಲ್ಲಿ ಆಕಾರ ಬೇರೆ, ಸಂಪರ್ಕ ಬೇರೆ ಇರುವ ಮೂರ್ನಾಲ್ಕು ಬಗೆಯ ವಸ್ತುಗಳು ಮಾರಾಟಕ್ಕಿವೆ. ಜನ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿರುವ 3500, 7000 ಎಂಬ ವೇಗದ ಅಂಕಿ ನೋಡಿ ಕೊಳ್ಳುತ್ತಾರೆ, ಮನೆಗೆ ತಂದು ಹಾಕಿದರೆ ಕೂರುವುದಿಲ್ಲ, ಕೂತರೂ ಕಾಣಿಸುವುದಿಲ್ಲ. ನಾಗಮಂಗಲದವರೋ ಮಳವಳ್ಳಿಯವರೋ ಅದನ್ನು ಬದಲಿಸಲು ಮತ್ತೊಮ್ಮೆ ಬಸ್ಸು ಹತ್ತಬೇಕು, ಆನ್‌ಲೈನಿನಲ್ಲಿ ತರಿಸಿದ್ದರೆ ಸೀಲು ಒಡೆದ ಮೇಲೆ ಬದಲಾವಣೆಯೇ ಕಷ್ಟ. ಆದ್ದರಿಂದ ನಮ್ಮ ಮನವಿ ಇಷ್ಟು: ಮೊದಲು ಯಂತ್ರದೊಳಗೆ ಡ್ರೈವ್ ಕೂರುವ ಜಾಗ, ಅಂದರೆ ಸ್ಲಾಟು ನೋಡಿ, ಆಮೇಲೆ ಡ್ರೈವ್ ಕೊಳ್ಳಿ. ಮಾರುವವರೂ ಸ್ಲಾಟು ಯಾವುದೆಂದು ಕೇಳದೆ ಮಾರಬೇಡಿ.

ಹಾರ್ಡ್ ಡಿಸ್ಕ್ ಯಾಕೆ ನಿಧಾನ ಎಂಬುದು ಗೊತ್ತಿದ್ದರೆ ಯಾವ ಅಂಕಿಗೆ ಎಷ್ಟು ಬೆಲೆ ಕೊಡಬೇಕು ಎಂಬುದೂ ತಿಳಿಯುತ್ತದೆ. ಲ್ಯಾಪ್‌ಟಾಪಿನ ಸಾಮಾನ್ಯ ಹಾರ್ಡ್ ಡಿಸ್ಕ್ ನಿಮಿಷಕ್ಕೆ 5400 ಸುತ್ತು ತಿರುಗುತ್ತದೆ, ಒಂದು ಸುತ್ತಿಗೆ ಸುಮಾರು 11 ಮಿಲಿಸೆಕೆಂಡು. ಬೇಕಾದ ಮಾಹಿತಿ ಓದುವ ಮುಳ್ಳಿನ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಮುಳ್ಳು ಆ ಸಾಲಿಗೆ ಸರಿಯಲು ಇನ್ನೊಂದಷ್ಟು ಹೊತ್ತು. ಹೀಗಾಗಿ ಚೆಲ್ಲಾಪಿಲ್ಲಿಯಾಗಿರುವ ಸಣ್ಣ ಕಡತಗಳನ್ನು ಅದು ಸೆಕೆಂಡಿಗೆ ನೂರರಷ್ಟು ಸಲ ಓದುವುದೂ ಕಷ್ಟ. ವಿಂಡೋಸ್ ಏಳುವಾಗ ಓದಬೇಕಾದ ಸಣ್ಣ ಕಡತಗಳಾದರೋ ಸಾವಿರಗಟ್ಟಲೆ. ಸಕ್ಕರೆ ಕಾರ್ಖಾನೆಯ ಗಾಣ ಎಷ್ಟೇ ದೊಡ್ಡದಿರಲಿ, ಕಬ್ಬಿನ ಗಾಡಿಗಳು ತೂಕದ ಮನೆ ಮುಂದೆ ಒಂದೊಂದಾಗಿ ನಿಂತರೆ ಗಾಣ ಖಾಲಿ ತಿರುಗಬೇಕು. ಟಾಸ್ಕ್ ಮ್ಯಾನೇಜರ್ ತೆರೆದಾಗ ಪ್ರೊಸೆಸರ್ ಶೇ 10ರಲ್ಲಿ, ಡಿಸ್ಕ್ ಶೇ 100ರಲ್ಲಿ ನಿಂತಿರುವುದು ಕಂಡರೆ ಆಗುತ್ತಿರುವುದು ಇದೇ. ಆಗ ಪದೇ ಪದೇ ಫಾರ್ಮ್ಯಾಟ್ ಮಾಡಿಸುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಹಾರ್ಡ್ ಡಿಸ್ಕಿನ ಹಳೇ ಸಂಪರ್ಕವಾದ ಸಾಟಾವನ್ನೇ ಬಳಸುವ ಅಗ್ಗದ ಎಸ್‌ಎಸ್‌ಡಿ ಕೂಡ ಸಣ್ಣ ಕಡತಗಳನ್ನು ಸೆಕೆಂಡಿಗೆ ಸಾವಿರಾರು ಸಲ ಓದುತ್ತದೆ. ನಮ್ಮ ದಿನಬಳಕೆಗೆ ಸಿಗುವ ಲಾಭದಲ್ಲಿ ದೊಡ್ಡ ಪಾಲು ಈ ಕಾಯುವಿಕೆ ತಪ್ಪಿದ್ದರಿಂದ ಬರುತ್ತದೆ, ಸೆಕೆಂಡಿಗೆ ಇಷ್ಟು ಎಂಬಿ ಎಂಬ ಅಂಕಿಯಿಂದಲ್ಲ. ಸಾಟಾ 3ನೇ ಆವೃತ್ತಿಯ ಡ್ರೈವ್ ಸೆಕೆಂಡಿಗೆ 550 ಎಂಬಿ ಮುಟ್ಟುತ್ತದೆ, ಪಿಸಿಐಇ ಎಂಬ ವೇಗದ ಸಂಪರ್ಕ ಬಳಸುವ ಎನ್‌ವಿಎಂಇ ಡ್ರೈವ್ ಅದರ 3.0 ಆವೃತ್ತಿಯಲ್ಲಿ 3500, 4.0ರಲ್ಲಿ 7000 ಆಸುಪಾಸು. ಅಂಕಿ ಆರರಿಂದ ಹದಿಮೂರು ಪಟ್ಟು ಇದ್ದರೂ ಟ್ಯಾಲಿ ತೆರೆಯುವಾಗ, ಬ್ರೌಸರಿನಲ್ಲಿ ಪಹಣಿ ತೆಗೆಯುವಾಗ, ವರ್ಡ್‌ನಲ್ಲಿ ಅರ್ಜಿ ಟೈಪ್ ಮಾಡುವಾಗ ಈ ಎರಡರ ನಡುವಿನ ವ್ಯತ್ಯಾಸ ಕಣ್ಣಿಗೆ ಬೀಳುವುದು ಕಡಿಮೆ. ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದವರಿಗೆ, ದೊಡ್ಡ ಕಡತ ಅತ್ತಿಂದಿತ್ತ ಸಾಗಿಸುವವರಿಗೆ ಅದು ಖಂಡಿತ ಬೇಕು.

ಈಗ ಸ್ಲಾಟಿನ ವಿಚಾರ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ದುಡ್ಡು ದಂಡವಾಗುವುದು ಇಲ್ಲೇ.

ಎರಡೂವರೆ ಇಂಚಿನ ಸಾಟಾ ಡ್ರೈವ್ ಎಲ್ಲರಿಗೂ ಪರಿಚಿತ. ಇಸ್ಪೀಟು ಪ್ಯಾಕಿಗಿಂತ ಸ್ವಲ್ಪ ಅಗಲ, 7 ಮಿ.ಮೀ. ದಪ್ಪ, ಹಿಂದೆ ಎರಡು ಕನೆಕ್ಟರ್: 7 ಪಿನ್ನಿನದು ಡೇಟಾಗೆ, 15 ಪಿನ್ನಿನದು ವಿದ್ಯುತ್ತಿಗೆ. ಸಾಟಾ ಹಾರ್ಡ್ ಡಿಸ್ಕ್ ಇದ್ದ ಬಹುಪಾಲು ಲ್ಯಾಪ್‌ಟಾಪಿಗೂ ಡೆಸ್ಕ್‌ಟಾಪಿಗೂ ಇದು ಹೊಂದುತ್ತದೆ. ಕೆಲವು ಹಳೇ ಲ್ಯಾಪ್‌ಟಾಪಿನ ಗೂಡು 9.5 ಮಿ.ಮೀ. ದಪ್ಪದ ಡಿಸ್ಕಿಗೆ ಮಾಡಿದ್ದು. ಅಲ್ಲಿ 7 ಮಿ.ಮೀ.ನದನ್ನು ಹಾಗೇ ಬಿಟ್ಟರೆ ಅಲ್ಲಾಡಿ ಕನೆಕ್ಟರ್ ಸಡಿಲವಾಗುತ್ತದೆ. ಡಬ್ಬಿಯಲ್ಲಿ ಪ್ಲಾಸ್ಟಿಕ್ ಚೌಕಟ್ಟು ಬಂದಿದ್ದರೆ ಅಂಟಿಸಿ, ಇಲ್ಲದಿದ್ದರೆ ಹಳೇ ಡಿಸ್ಕಿನ ಕಬ್ಬಿಣದ ಬ್ರಾಕೆಟ್ಟನ್ನೇ ಎಂ3 ಅಳತೆಯ ಗಿಡ್ಡ ಸ್ಕ್ರೂಗಳಿಂದ ಬಿಗಿಯಿರಿ.

ಎರಡನೆಯದು ಎಂ.2. ಚೂಯಿಂಗ್ ಗಮ್ ಪಟ್ಟಿಯಂಥ ತೆಳು ಕಾರ್ಡು. ಅದರ ಮೇಲಿನ 2280 ಎಂಬುದು ವೇಗವಲ್ಲ, ಅಳತೆ: 22 ಮಿ.ಮೀ. ಅಗಲ, 80 ಮಿ.ಮೀ. ಉದ್ದ. 2242, 2230 ಅದೇ ಅಗಲದ ಗಿಡ್ಡ ಕಾರ್ಡುಗಳು. ಕೆಲವು ತೆಳು ಲ್ಯಾಪ್‌ಟಾಪುಗಳಲ್ಲಿ 2242ಕ್ಕೆ ಮಾತ್ರ ಜಾಗವಿರುತ್ತದೆ, 2280 ತಂದರೆ ಬ್ಯಾಟರಿಗೆ ತಗುಲುತ್ತದೆ. ಎರಡೂ ಬದಿಗೆ ಚಿಪ್ಪುಗಳಿರುವ ದಪ್ಪ ಕಾರ್ಡು ಕೂಡ ಇಂಥ ಕಡೆ ಮುಚ್ಚಳ ಮುಚ್ಚಲು ಬಿಡುವುದಿಲ್ಲ, ಒಂದೇ ಬದಿಗೆ ಚಿಪ್ಪಿರುವುದನ್ನೇ ಕೇಳಿ ತನ್ನಿ.

ಎಂ.2 ಎಂಬುದು ಆಕಾರದ ಹೆಸರು ಮಾತ್ರ. ಅದೇ ಆಕಾರದಲ್ಲಿ ಸಾಟಾ ಡ್ರೈವೂ ಇದೆ, ಎನ್‌ವಿಎಂಇ ಡ್ರೈವೂ ಇದೆ. ಕಾರ್ಡಿನ ತುದಿಯ ಚಿನ್ನದ ಬಣ್ಣದ ಹಲ್ಲುಗಳನ್ನು ಬೆಳಕಿಗೆ ಹಿಡಿದು ನೋಡಿ. ಹಲ್ಲುಗಳ ಸಾಲಿನಲ್ಲಿ ಒಂದೇ ಕಡೆ ಕಚ್ಚು ಕೊಯ್ದಿದ್ದರೆ, ಕಚ್ಚಿನ ಆಚೆ ಐದು ಹಲ್ಲಿನ ಸಣ್ಣ ತುಂಡಿದ್ದರೆ ಅದು ಎಂ ಕೀ, ಬಹುಪಾಲು ಎನ್‌ವಿಎಂಇ. ಎರಡು ಕಡೆ ಕಚ್ಚಿದ್ದರೆ ಬಿ ಮತ್ತು ಎಂ ಕೀ, ಸಾಮಾನ್ಯವಾಗಿ ಸಾಟಾ. ನಿಧಾನ ಬಗೆಯ ಕೆಲವು ಎನ್‌ವಿಎಂಇ ಕಾರ್ಡುಗಳಿಗೂ ಎರಡು ಕಚ್ಚಿರುವುದರಿಂದ ಲೇಬಲ್ಲಿನಲ್ಲಿ ಏನು ಬರೆದಿದೆ ಎಂದು ಓದಿ ಖಚಿತಪಡಿಸಿಕೊಳ್ಳಬೇಕು. ಬೋರ್ಡಿನ ಸ್ಲಾಟಿನೊಳಗೆ ಈ ಕಚ್ಚಿಗೆ ಎದುರಾಗಿ ಪ್ಲಾಸ್ಟಿಕ್ಕಿನ ಗೂಟವಿರುತ್ತದೆ. ಬಿ ಕೀ ಸ್ಲಾಟಿಗೆ ಒಂದು ಕಚ್ಚಿನ ಎನ್‌ವಿಎಂಇ ಹೋಗುವುದೇ ಇಲ್ಲ, ಬಲವಂತ ಮಾಡಿದರೆ ಗೂಟ ಮುರಿಯುತ್ತದೆ. ಮೋಸ ಹೋಗುವುದು ಇದರ ತಿರುವುಮುರುವಿನಲ್ಲಿ. ಎರಡು ಕಚ್ಚಿನ ಸಾಟಾ ಕಾರ್ಡು ಎಂ ಕೀ ಸ್ಲಾಟಿಗೆ ನಯವಾಗಿ ಕೂರುತ್ತದೆ, ಸ್ಕ್ರೂ ಬಿಗಿಯಾಗುತ್ತದೆ, ಎಲ್ಲ ಸರಿಯೆನಿಸುತ್ತದೆ. ಆ ಸ್ಲಾಟು ಪಿಸಿಐಇ ಮಾತ್ರ ಬಲ್ಲದ್ದಾದರೆ ಬಯೋಸ್‌ನಲ್ಲಿ (ಆನ್ ಮಾಡಿದಾಗ ಮೊದಲು ಏಳುವ, ಬೋರ್ಡಿನಲ್ಲೇ ಇರುವ ತಂತ್ರಾಂಶ) ಏನೂ ಕಾಣುವುದಿಲ್ಲ. ಡ್ರೈವ್ ಸತ್ತಿದೆ ಎಂದು ವಾಪಸ್ ತರುವವರಲ್ಲಿ ಎಷ್ಟೋ ಜನರ ಡ್ರೈವ್ ಸತ್ತಿರುವುದಿಲ್ಲ, ಜಾಗ ತಪ್ಪಿರುತ್ತದೆ ಅಷ್ಟೆ. ಅದೇ ರೀತಿ ಎಂ ಕೀ ಸ್ಲಾಟು ಇದ್ದೂ ಸಾಟಾ ಮಾತ್ರ ಬಲ್ಲ ಲ್ಯಾಪ್‌ಟಾಪುಗಳೂ ಇವೆ. ಹಾಗಾಗಿ ಕಣ್ಣಳತೆಯ ಮೇಲೆ ನಿಲ್ಲದೆ ಆ ಮಾಡೆಲ್ಲಿನ ಸರ್ವಿಸ್ ಮ್ಯಾನುಯಲ್‌ನಲ್ಲಿ ಸ್ಟೋರೇಜ್ ಎಂಬ ಸಾಲನ್ನು ಓದಲೇಬೇಕು. ಮಾಡೆಲ್ ಹೆಸರು ಲ್ಯಾಪ್‌ಟಾಪಿನ ತಳದ ಸ್ಟಿಕ್ಕರಿನಲ್ಲಿರುತ್ತದೆ, ಸ್ಟಿಕ್ಕರ್ ಸವೆದಿದ್ದರೆ ವಿಂಡೋಸ್‌ನ ‘ಸಿಸ್ಟಂ ಇನ್ಫರ್ಮೇಶನ್’ ಪುಟದಲ್ಲಿ ಸಿಗುತ್ತದೆ.

ಇನ್ನೊಂದು ಚಿಕ್ಕ ಎಂ.2 ಸ್ಲಾಟು ವೈಫೈ ಕಾರ್ಡಿನದು. ಎರಡು ತೆಳು ಆಂಟೆನಾ ತಂತಿಗಳು ಹೋಗಿರುತ್ತವೆ, ಅದನ್ನು ಡ್ರೈವಿನ ಜಾಗವೆಂದು ತಿಳಿಯಬೇಡಿ. 2012–14ರ ಕೆಲವು ಲ್ಯಾಪ್‌ಟಾಪುಗಳಲ್ಲಿರುವ ಎಂಸಾಟಾ ಮತ್ತೊಂದು ಬಗೆ, ಎಂ.2 ಅಲ್ಲ. ಅಗ್ಗದ ಪುಟ್ಟ ಲ್ಯಾಪ್‌ಟಾಪುಗಳಲ್ಲಿ 32 ಅಥವಾ 64 ಜಿಬಿಯ ಇಎಂಎಂಸಿ ಚಿಪ್ಪನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ಜೊತೆಗೆ ಬೇರೆ ಸ್ಲಾಟು ಇಲ್ಲದಿದ್ದರೆ ಅದಕ್ಕೆ ಮದ್ದಿಲ್ಲ.

ಡೆಸ್ಕ್‌ಟಾಪಿಗೆ ಬರೋಣ. ನಮ್ಮ ಕಡೆಯ ಸೈಬರ್ ಸೆಂಟರು, ಡಿಟಿಪಿ ಅಂಗಡಿ, ಶಾಲೆಗಳಲ್ಲಿ ಇವತ್ತಿಗೂ ಕಾಣುವುದು ಎಚ್61, ಎಚ್81 ಮದರ್‌ಬೋರ್ಡುಗಳು. ಎಚ್61 ಇಂಟೆಲ್‌ನ 2 ಮತ್ತು 3ನೇ ತಲೆಮಾರಿನ ಪ್ರೊಸೆಸರುಗಳದು. ಅದರ ಚಿಪ್‌ಸೆಟ್ಟಿನ ಸಾಟಾ ಪೋರ್ಟುಗಳೆಲ್ಲ ಎರಡನೇ ಆವೃತ್ತಿಯವು, ಅಂದರೆ ಸೆಕೆಂಡಿಗೆ 280 ಎಂಬಿ ಆಸುಪಾಸಿಗೆ ಮಿತಿ. ಮೇಲೆ ಹೇಳಿದ ಕಾರಣಕ್ಕೆ ಅಷ್ಟು ಸಾಕು, ಇಂಥ ಯಂತ್ರಕ್ಕೆ 240 ಅಥವಾ 256 ಜಿಬಿಯ ಸಾಟಾ ಎಸ್‌ಎಸ್‌ಡಿಯೇ ಸರಿಯಾದ ಆಯ್ಕೆ. ಇದಕ್ಕೆ ಪಿಸಿಐಇ ಅಡಾಪ್ಟರ್ ಕಾರ್ಡು ಸೇರಿಸಿ ಎನ್‌ವಿಎಂಇ ಮಾರುವುದು ಅನ್ಯಾಯ. ಆ ಕಾಲದ ಬಯೋಸ್‌ಗೆ ಎನ್‌ವಿಎಂಇಯಿಂದ ಬೂಟ್ ಮಾಡಲು ಬರುವುದಿಲ್ಲ, ವಿಂಡೋಸ್ ಎದ್ದ ಮೇಲೆ ಎರಡನೇ ಡ್ರೈವಾಗಿ ಮಾತ್ರ ಕಂಡೀತು. ಎಚ್81ರಲ್ಲಿ ಎರಡು ಪೋರ್ಟು ಮೂರನೇ ಆವೃತ್ತಿ, ಉಳಿದೆರಡು ಎರಡನೇ ಆವೃತ್ತಿ. ಬೋರ್ಡಿನ ಮೇಲೆ ಪೋರ್ಟಿನ ಪಕ್ಕ ಸಣ್ಣಕ್ಷರದಲ್ಲಿ ಬರೆದಿರುತ್ತದೆ, ಎಸ್‌ಎಸ್‌ಡಿಯನ್ನು 6ಜಿ (ಮೂರನೇ ಆವೃತ್ತಿ) ಎಂದಿರುವುದಕ್ಕೇ ಕೊಡಿ. ಹೊಸ ಬೋರ್ಡುಗಳಲ್ಲಿ ಎಂ.2 ಇದ್ದೇ ಇರುತ್ತದೆ. ಅಲ್ಲಿ ಒಂದು ಎಚ್ಚರ: ಕೆಲವು ಬೋರ್ಡುಗಳಲ್ಲಿ ಎಂ.2 ತುಂಬಿದೊಡನೆ ಒಂದೋ ಎರಡೋ ಸಾಟಾ ಪೋರ್ಟುಗಳು ತಾವಾಗಿ ನಿಂತುಹೋಗುತ್ತವೆ. ಹಾರ್ಡ್ ಡಿಸ್ಕ್ ಕೆಟ್ಟಿತೆಂದು ಗಾಬರಿಯಾಗದೆ ಕೇಬಲ್ಲನ್ನು ಬೇರೆ ಪೋರ್ಟಿಗೆ ಬದಲಿಸಿ.

ಡೆಸ್ಕ್‌ಟಾಪಿಗೆ ಜೋಡಿಸುವಾಗ ಪವರ್ ಕಾರ್ಡನ್ನು ಗೋಡೆಯಿಂದ ಕಿತ್ತು, ಪವರ್ ಬಟನ್ನನ್ನು ಐದಾರು ಸೆಕೆಂಡು ಒತ್ತಿ ಹಿಡಿದು ಉಳಿದ ಚಾರ್ಜು ಇಳಿಸಿ, ಕ್ಯಾಬಿನೆಟ್ಟಿನ ಬಣ್ಣ ಹಚ್ಚದ ಲೋಹ ಮುಟ್ಟಿ ಮೈಯ ಸ್ಥಾಯಿ ವಿದ್ಯುತ್ತನ್ನು ಕಳೆದುಕೊಳ್ಳಿ. ಸಾಟಾ ಕನೆಕ್ಟರಿನೊಳಗೆ ಇಂಗ್ಲಿಷಿನ ಎಲ್ ಅಕ್ಷರದ ಆಕಾರದ ಪ್ಲಾಸ್ಟಿಕ್ ನಾಲಿಗೆ ಇದೆ. ಒಂದೇ ದಿಕ್ಕಿನಲ್ಲಿ ಹೋಗಬೇಕು, ನೇರ ಹೋಗಬೇಕು. ತಲೆಕೆಳಗೆ ಒತ್ತಿದರೆ ಅಥವಾ ಕೇಬಲ್ಲನ್ನು ಮೇಲಕ್ಕೆ ಜಗ್ಗಿದರೆ ಆ ನಾಲಿಗೆ ಚಟ್ಟೆಂದು ಮುರಿದು ಕೇಬಲ್ಲಿನೊಳಗೇ ಉಳಿಯುತ್ತದೆ, ಹೊಸ ಡ್ರೈವಿಗೆ ಆಮೇಲೆ ವಾರಂಟಿಯೂ ಇಲ್ಲ. ಹತ್ತು ವರ್ಷದ ಹಳೇ ಕೆಂಪು ಡೇಟಾ ಕೇಬಲ್ಲು ಮಡಚಿ ಸವೆದಿದ್ದರೆ ಬದಲಿಸಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಎಂಬ ಉಚಿತ ತಂತ್ರಾಂಶದಲ್ಲಿ ಸಿಆರ್‌ಸಿ ಎರರ್ ಎಂಬ ಸಾಲಿನ ಅಂಕಿ ಏರುತ್ತಲೇ ಇದ್ದರೆ ತಪ್ಪು ಬಹುಪಾಲು ಕೇಬಲ್ಲಿನದು, ಡ್ರೈವಿನದಲ್ಲ.

ಕ್ಯಾಬಿನೆಟ್ಟಿನೊಳಗೆ ವಿದ್ಯುತ್ ಹಂಚುವ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಲ್ಲಿ ಸಾಟಾ ಪವರ್ ಕನೆಕ್ಟರ್ ಉಳಿದಿಲ್ಲವೆಂದು ಹಳೇ ನಾಲ್ಕು ಪಿನ್ನಿನ ಮೊಲೆಕ್ಸ್‌ನಿಂದ ಸಾಟಾಗೆ ಪರಿವರ್ತಿಸುವ ತುಂಡು ಕೇಬಲ್ಲು ಹಾಕುವುದುಂಟು. ಇದರಲ್ಲಿ ಪ್ಲಾಸ್ಟಿಕ್ಕನ್ನು ಕರಗಿಸಿ ಎರಕ ಹೊಯ್ದ ಬಗೆ ಅಪಾಯಕಾರಿ. ಒಳಗೆ ತಂತಿಗಳು ಸರಿದು ಒಂದಕ್ಕೊಂದು ತಾಗಿ ಸುಟ್ಟುಹೋಗುತ್ತವೆ, ಹಿಂದೆ ಬಿಚ್ಚಬಹುದಾದ ಮುಚ್ಚಳವಿರುವ ಬಗೆಯನ್ನೇ ಕೊಳ್ಳಿ. ಬಿಡಿ ಕೇಬಲ್ಲುಗಳ ಮಾಡ್ಯುಲರ್ ಎಸ್‌ಎಂಪಿಎಸ್ ಇದ್ದರೆ ಬೇರೆ ಕಂಪನಿಯ ಕೇಬಲ್ಲನ್ನು ಅದಕ್ಕೆ ಸಿಕ್ಕಿಸಲೇಬೇಡಿ. ಎಸ್‌ಎಂಪಿಎಸ್ ಕಡೆಯ ಪಿನ್ನುಗಳ ಜೋಡಣೆ ಒಬ್ಬೊಬ್ಬರದು ಒಂದೊಂದು ಥರ. 5 ವೋಲ್ಟ್ ಬರಬೇಕಾದಲ್ಲಿ 12 ವೋಲ್ಟ್ ಬಂದರೆ ಡ್ರೈವಿನ ಕತೆ ಒಂದು ಕ್ಷಣದಲ್ಲಿ ಮುಗಿಯುತ್ತದೆ.

ಲ್ಯಾಪ್‌ಟಾಪು ಬಿಚ್ಚುವ ಮುನ್ನ ಶಿಫ್ಟ್ ಒತ್ತಿ ಹಿಡಿದು ಶಟ್‌ಡೌನ್ ಮಾಡಿ, ಆಗ ಫಾಸ್ಟ್ ಸ್ಟಾರ್ಟಪ್ ಇಲ್ಲದೆ ಪೂರ್ತಿ ಆರುತ್ತದೆ. ಸ್ಕ್ರೂಗಳ ಉದ್ದ ಒಂದೇ ಇರುವುದಿಲ್ಲ. ಉದ್ದನೆಯದನ್ನು ಗಿಡ್ಡದರ ಜಾಗಕ್ಕೆ ತಿರುಗಿಸಿದರೆ ಮೇಲಿನ ಕೀಬೋರ್ಡು ಕಡೆ ಉಬ್ಬುತ್ತದೆ, ಆದ್ದರಿಂದ ಹಾಳೆಯ ಮೇಲೆ ಲ್ಯಾಪ್‌ಟಾಪಿನ ಚಿತ್ರ ಬರೆದು ಆಯಾ ಜಾಗದಲ್ಲೇ ಇಡಿ. ರಬ್ಬರ್ ಕಾಲಿನ ಕೆಳಗೂ ಒಂದೆರಡು ಅಡಗಿರಬಹುದು. ಮುಚ್ಚಳ ತೆಗೆದೊಡನೆ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಬಿಡಿಸುವುದು. ಆಫ್ ಆಗಿದ್ದರೂ ಬೋರ್ಡಿನಲ್ಲಿ ವಿದ್ಯುತ್ ಇರುತ್ತದೆ, ಸ್ಕ್ರೂ ಜಾರಿ ಬಿದ್ದರೆ ಬೋರ್ಡೇ ಹೋಗುತ್ತದೆ.

ಎಂ.2 ಕಾರ್ಡನ್ನು ಸುಮಾರು 30 ಡಿಗ್ರಿ ಓರೆಯಲ್ಲಿ ಸ್ಲಾಟಿಗೆ ಹಿಡಿದು, ಚಿನ್ನದ ಹಲ್ಲುಗಳು ಹೆಚ್ಚೂಕಮ್ಮಿ ಮರೆಯಾಗುವ ತನಕ ನೂಕಿ. ಕೈ ಬಿಟ್ಟಾಗ ಇನ್ನೊಂದು ತುದಿ ತಾನಾಗಿ ಮೇಲೆದ್ದು ನಿಲ್ಲಬೇಕು. ನಿಂತರೆ ಸರಿಯಾಗಿ ಕೂತಿದೆ ಎಂದರ್ಥ, ಮಲಗಿದರೆ ಪೂರ್ತಿ ಒಳಗೆ ಹೋಗಿಲ್ಲ. ಆಮೇಲೆ ಬೆರಳಿನಿಂದ ಮೆಲ್ಲಗೆ ಅದುಮಿ 2 ಮಿ.ಮೀ. ವ್ಯಾಸದ (ಎಂ2 ಅಳತೆಯ) ಸಣ್ಣ ಸ್ಕ್ರೂ ಹಾಕಿ, ಬೆರಳ ತುದಿಯ ಬಿಗಿ ಸಾಕು. ಡೆಸ್ಕ್‌ಟಾಪ್ ಬೋರ್ಡಿನಲ್ಲಿ ಸ್ಕ್ರೂ ಕೂರುವ ಹಿತ್ತಾಳೆ ಕಂಬವನ್ನು 80 ಎಂಬ ತೂತಿಗೆ ಮೊದಲೇ ಸರಿಸಿಕೊಳ್ಳಬೇಕು. ತಪ್ಪು ತೂತಿನಲ್ಲಿದ್ದ ಕಂಬ ಕಾರ್ಡಿನ ನಡುಬೆನ್ನಿಗೆ ಒತ್ತಿ ಬಗ್ಗಿಸುತ್ತದೆ. ಹೀಟ್‌ಸಿಂಕ್ ಇದ್ದರೆ ಅದರ ಅಂಟುಪಟ್ಟಿಯ ಮೇಲಿನ ಪ್ಲಾಸ್ಟಿಕ್ ಹಾಳೆ ಸುಲಿಯುವುದನ್ನು ಮರೆಯುವವರು ಬಹಳ, ಸುಲಿಯದಿದ್ದರೆ ಬಿಸಿ ಹೊರಗೆ ಹೋಗದೆ ಡ್ರೈವ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಬೇಸಿಗೆಯ ಮಂಡ್ಯದಲ್ಲಿ ಫ್ಯಾನಿಲ್ಲದ ಕೋಣೆಯಲ್ಲಿ ಇದು ಸಣ್ಣ ವಿಷಯವಲ್ಲ. ಪಿಸಿಐಇ 3.0 ಸ್ಲಾಟಿಗೆ 4.0 ಡ್ರೈವ್ ಹಾಕಿದರೆ ಏನೂ ಹಾಳಾಗುವುದಿಲ್ಲ, 3.0ರ ವೇಗದಲ್ಲಿ ಓಡುತ್ತದೆ. ಅದಕ್ಕೆ ಹೆಚ್ಚಿಗೆ ಕೊಟ್ಟ ದುಡ್ಡು ಮಾತ್ರ ದಂಡ.

ಹಳೇ ಡಿಸ್ಕಿನಲ್ಲಿರುವುದನ್ನು ಹೊಸದಕ್ಕೆ ತರುವ ಮೊದಲು ಹಳೇ ಡಿಸ್ಕಿನ ಆರೋಗ್ಯ ನೋಡಿ. ಕ್ರಿಸ್ಟಲ್‌ಡಿಸ್ಕ್‌ಇನ್ಫೊ ಹಳದಿ ತೋರಿಸಿ, ಸಿ5 ಎಂಬ ಸಾಲಿನಲ್ಲಿ ಸೊನ್ನೆಯಲ್ಲದ ಅಂಕಿ ಇದ್ದರೆ ಓದಲಾಗದ ಜಾಗಗಳಿವೆ ಎಂದರ್ಥ. ಆಗ ಇಡೀ ಡಿಸ್ಕ್ ನಕಲು ಮಾಡಲು ಹೋಗದೆ ಮೊದಲು ಫೋಟೊ, ಲೆಕ್ಕದ ಕಡತ, ದಾಖಲೆಗಳನ್ನು ಹೊರಗೆ ತೆಗೆಯಿರಿ, ಸಾಯುವ ಡಿಸ್ಕ್‌ಗೆ ಗಂಟೆಗಟ್ಟಲೆ ನಕಲಿನ ಕೆಲಸ ಕೊನೆಯ ಏಟಾಗುತ್ತದೆ. ಡಿಸ್ಕಿನ ಮಾಹಿತಿಗೆ ಬೀಗ ಹಾಕುವ ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ ಚಾಲೂ ಇದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಟ್ಟುಕೊಂಡೇ ಮುಂದುವರಿಯಿರಿ. ಎಷ್ಟೋ ಹೊಸ ಲ್ಯಾಪ್‌ಟಾಪುಗಳಲ್ಲಿ ಇದು ಮಾಲೀಕರಿಗೆ ಗೊತ್ತಿಲ್ಲದೆಯೇ ಚಾಲೂ ಇರುತ್ತದೆ.

ನಕಲು ಮಾಡುವುದೋ ಹೊಸದಾಗಿ ವಿಂಡೋಸ್ ಹಾಕುವುದೋ? ಐದಾರು ವರ್ಷದ ಕಸ ತುಂಬಿದ ಯಂತ್ರಕ್ಕೆ ಹೊಸದಾಗಿ ಹಾಕುವುದೇ ಮೇಲು. ಡಿಜಿಟಲ್ ಲೈಸೆನ್ಸು ಮದರ್‌ಬೋರ್ಡಿಗೆ ಅಂಟಿಕೊಂಡಿರುವುದರಿಂದ ಡ್ರೈವ್ ಬದಲಾದರೂ ಇಂಟರ್ನೆಟ್ ಸಿಕ್ಕೊಡನೆ ವಿಂಡೋಸ್ ತಾನೇ ಆ್ಯಕ್ಟಿವೇಟ್ ಆಗುತ್ತದೆ, ‘ಒರಿಜಿನಲ್ ಹೋಗುತ್ತೆ’ ಎಂದು ಯಾರಾದರೂ ಹೊಸ ಕೀ ಮಾರಲು ಬಂದರೆ ನಂಬಬೇಡಿ. ಆದರೆ ಪೇಜ್‌ಮೇಕರ್, ನುಡಿಯ ಹಳೇ ಆವೃತ್ತಿ, ಅದರ ಆಸ್ಕಿ ಫಾಂಟುಗಳು, ಸಿಡಿ ಕಳೆದುಹೋದ ಪ್ರಿಂಟರ್ ಡ್ರೈವರು ಇವುಗಳ ಮೇಲೆ ನಿಂತಿರುವ ಡಿಟಿಪಿ ಅಂಗಡಿಯವರು ನಕಲನ್ನೇ ಮಾಡಬೇಕು. ಯುಎಸ್‌ಬಿ 3.0 ಅಡಾಪ್ಟರಿನಿಂದ ಹೊಸ ಡ್ರೈವ್ ಜೋಡಿಸಿ ಡ್ರೈವ್ ಕಂಪನಿಯೇ ಕೊಡುವ ತಂತ್ರಾಂಶವನ್ನೋ ಕ್ಲೋನ್‌ಜಿಲ್ಲಾವನ್ನೋ ಬಳಸಬಹುದು. ಕ್ಲೋನ್‌ಜಿಲ್ಲಾ ಸಾಮಾನ್ಯ ಸೆಟ್ಟಿಂಗಿನಲ್ಲಿ ಹಳೇದಕ್ಕಿಂತ ಚಿಕ್ಕ ಡ್ರೈವಿಗೆ ನಕಲು ಮಾಡುವುದಿಲ್ಲ, 1 ಟಿಬಿಯಿಂದ 500 ಜಿಬಿಗೆ ಬರುವವರು ಇದನ್ನು ಮೊದಲೇ ತಿಳಿದಿರಬೇಕು. ನಕಲು ಮುಗಿದ ಮೇಲೆ ಮೊದಲ ಸಲ ಆನ್ ಮಾಡುವಾಗ ಹಳೇ ಡಿಸ್ಕನ್ನು ಕಡ್ಡಾಯವಾಗಿ ಬಿಡಿಸಿಡಿ. ಎರಡಕ್ಕೂ ಒಂದೇ ಗುರುತಿನ ಸಂಖ್ಯೆ ಇರುವುದರಿಂದ ವಿಂಡೋಸ್ ಗಲಿಬಿಲಿಗೊಳ್ಳುತ್ತದೆ. ಹೊಸದಾಗಿ ಹಾಕುವಾಗಲೂ ಹಾರ್ಡ್ ಡಿಸ್ಕ್ ಬಿಡಿಸಿಯೇ ಹಾಕಿ. ಇಲ್ಲದಿದ್ದರೆ ಬೂಟ್ ಕಡತಗಳು ಹಳೇ ಡಿಸ್ಕಿನ ಮೇಲೇ ಕೂತು, ಮುಂದೊಂದು ದಿನ ಆ ಡಿಸ್ಕ್ ತೆಗೆದಾಗ ಕಂಪ್ಯೂಟರ್ ಏಳುವುದೇ ಇಲ್ಲ.

ಜೋಡಿಸಿದ ಮೇಲೂ ಕಾಣದಿದ್ದರೆ ಯೋಚಿಸಬೇಕಾದ್ದು ಮೂರು. ಬಯೋಸ್‌ನಲ್ಲಿ ಕಂಡು ವಿಂಡೋಸ್‌ನ ಮೈ ಕಂಪ್ಯೂಟರಿನಲ್ಲಿ ಕಾಣದಿದ್ದರೆ ಹೊಸ ಡ್ರೈವಿಗೆ ಇನ್ನೂ ಪಾರ್ಟಿಶನ್ ಇಲ್ಲ ಅಷ್ಟೆ. ಡಿಸ್ಕ್ ಮ್ಯಾನೇಜ್‌ಮೆಂಟಿಗೆ ಹೋಗಿ ಜಿಪಿಟಿ (ಹೊಸ ಬಗೆಯ ಪಾರ್ಟಿಶನ್ ಪಟ್ಟಿ) ಎಂದು ಇನಿಶಿಯಲೈಜ್ ಮಾಡಿ ವಾಲ್ಯೂಮ್ ರಚಿಸಿ. ಬಯೋಸ್‌ನಲ್ಲಿ ಕಂಡು ವಿಂಡೋಸ್ ಹಾಕುವ ಹಂತದಲ್ಲಿ ‘ಡ್ರೈವ್ ಇಲ್ಲ’ ಎಂದರೆ, ಅದೂ 11ನೇ ತಲೆಮಾರಿನ ಇಂಟೆಲ್ ಅಥವಾ ಅದಕ್ಕಿಂತ ಹೊಸ ಲ್ಯಾಪ್‌ಟಾಪಾದರೆ, ವಿಎಂಡಿ ಎಂಬ ವ್ಯವಸ್ಥೆ ಚಾಲೂ ಇರುತ್ತದೆ. ಇಂಟೆಲ್ ರಾಪಿಡ್ ಸ್ಟೋರೇಜ್ ಡ್ರೈವರನ್ನು ಪೆನ್‌ಡ್ರೈವಿಗೆ ಹಾಕಿ ‘ಲೋಡ್ ಡ್ರೈವರ್’ ಒತ್ತಿದರೆ ಕಾಣುತ್ತದೆ. ಬಯೋಸ್‌ನಲ್ಲೇ ಕಾಣದಿದ್ದರೆ ಸ್ಲಾಟಿನ ಬಗೆ ತಪ್ಪಿದೆಯೋ ಕಾರ್ಡು ಸರಿಯಾಗಿ ಕೂತಿಲ್ಲವೋ ನೋಡಿ. ಎಲ್ಲ ಸರಿಯಿದ್ದೂ ಬೂಟ್ ಆಗದಿದ್ದರೆ ಬೂಟ್ ಮಾಡುವ ಹಳೇ ವಿಧಾನ ಲೆಗಸಿ ಮತ್ತು ಹೊಸ ವಿಧಾನ ಯುಇಎಫ್‌ಐ ನಡುವಿನ ಹೊಂದಾಣಿಕೆ ತಪ್ಪಿರುತ್ತದೆ: ಹಳೇ ಬಗೆಯ ಪಟ್ಟಿಯ ಎಂಬಿಆರ್ ಡಿಸ್ಕಿಗೆ ಲೆಗಸಿ, ಜಿಪಿಟಿಗೆ ಯುಇಎಫ್‌ಐ.

ಬಾಳಿಕೆಯ ಭಯ ಅನೇಕರಿಗಿದೆ. 500 ಜಿಬಿಯ ಟಿಎಲ್‌ಸಿ (ಪ್ರತಿ ಕೋಶದಲ್ಲಿ ಮೂರು ಬಿಟ್) ಡ್ರೈವುಗಳಿಗೆ ಕಂಪನಿಗಳು ಸಾಮಾನ್ಯವಾಗಿ 300 ಟಿಬಿ ಬರೆಯುವ ತನಕ ವಾರಂಟಿ ಕೊಡುತ್ತವೆ. ದಿನಕ್ಕೆ 20 ಜಿಬಿ ಬರೆದರೂ ಅದು 15,000 ದಿನ, ಅಂದರೆ 41 ವರ್ಷ. ಮನೆ, ಕಚೇರಿ ಬಳಕೆಗೆ ಈ ಚಿಂತೆ ಬೇಡ. ಚಿಂತಿಸಬೇಕಾದ್ದು ಎರಡು ಕಡೆ. ಒಂದು, ಕ್ಯೂಎಲ್‌ಸಿ (ಪ್ರತಿ ಕೋಶದಲ್ಲಿ ನಾಲ್ಕು ಬಿಟ್) ಡ್ರೈವುಗಳು. ಅಗ್ಗ, ಆದರೆ ನೂರಿನ್ನೂರು ಜಿಬಿ ಒಂದೇ ಉಸಿರಿಗೆ ತುಂಬಿಸಿದರೆ ವೇಗದ ಕ್ಯಾಶ್ ಖಾಲಿಯಾಗಿ ಹಾರ್ಡ್ ಡಿಸ್ಕಿನ ಮಟ್ಟಕ್ಕೆ ಇಳಿಯಬಲ್ಲವು. ಫೋಟೊ ಸ್ಟುಡಿಯೊದವರು ಟಿಎಲ್‌ಸಿಯನ್ನೇ ಕೇಳಿ. ಇನ್ನೊಂದು, ಅಂಗಡಿಯ ಸಿಸಿಟಿವಿ. ನಾಲ್ಕು ಕ್ಯಾಮೆರಾ, ತಲಾ 4 ಮೆಗಾಬಿಟ್ ಎಂದರೂ ಸೆಕೆಂಡಿಗೆ 2 ಎಂಬಿ, ದಿನಕ್ಕೆ ಸುಮಾರು 173 ಜಿಬಿ. 80 ಟಿಬಿ ಮಿತಿಯ 240 ಜಿಬಿ ಡ್ರೈವು ಆ ಲೆಕ್ಕದಲ್ಲಿ 463 ದಿನಕ್ಕೆ ಮಿತಿ ಮುಟ್ಟುತ್ತದೆ. ಕ್ಯಾಮೆರಾ ದೃಶ್ಯ ಉಳಿಸುವ ಡಿವಿಆರ್‌ಗೆ ಅದಕ್ಕೆಂದೇ ಮಾಡಿದ ಸರ್ವೆಲೆನ್ಸ್ ಹಾರ್ಡ್ ಡಿಸ್ಕೇ ಸರಿ.

ಎಸ್‌ಎಸ್‌ಡಿ ಸಾಯುವಾಗ ಹಾರ್ಡ್ ಡಿಸ್ಕಿನ ಹಾಗೆ ಟಕಟಕ ಸದ್ದು ಮಾಡಿ ಎಚ್ಚರಿಸುವುದಿಲ್ಲ. ಸಂಜೆ ಚೆನ್ನಾಗಿದ್ದದ್ದು ಬೆಳಿಗ್ಗೆ ಕಾಣದೇ ಹೋಗಬಹುದು. ಅಳಿಸಿದ ಕಡತವೂ, ಆ ಜಾಗವನ್ನು ಒಳಗೇ ತೊಳೆದುಬಿಡುವ ಟ್ರಿಮ್ ವ್ಯವಸ್ಥೆಯಿಂದಾಗಿ ಬಹುಮಟ್ಟಿಗೆ ಮರಳಿ ಸಿಗುವುದಿಲ್ಲ. ತೆಗೆದ ಹಾರ್ಡ್ ಡಿಸ್ಕ್ ಇನ್ನೂ ಆರೋಗ್ಯವಾಗಿದ್ದರೆ ಅದನ್ನು ಯುಎಸ್‌ಬಿ ಡಬ್ಬಿಗೆ ಹಾಕಿಕೊಂಡು ಬ್ಯಾಕಪ್ಪಿಗೆ ಇಟ್ಟುಕೊಳ್ಳುವುದು ಅತ್ಯುತ್ತಮ. ದಸರೆಯ, ಮದುವೆಯ ಫೋಟೊಗಳನ್ನು ಎಸ್‌ಎಸ್‌ಡಿಗೆ ತುಂಬಿ ಬೀರುವಿನಲ್ಲಿ ವರ್ಷಗಟ್ಟಲೆ ಇಡಬೇಡಿ. ವಿದ್ಯುತ್ ಇಲ್ಲದೆ ಬಿದ್ದಿರುವ ಫ್ಲ್ಯಾಶ್ ಕೋಶಗಳು ನಿಧಾನಕ್ಕೆ ಚಾರ್ಜು ಕಳೆದುಕೊಳ್ಳುತ್ತವೆ. ಡೆಸ್ಕ್‌ಟಾಪಿಗೆ ಯುಪಿಎಸ್ ಇಲ್ಲದವರು 600 ವಿಎಯ ಒಂದನ್ನಾದರೂ ಇಟ್ಟುಕೊಳ್ಳಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಮನೆಬಳಕೆಯ ಎಸ್‌ಎಸ್‌ಡಿಗಳಲ್ಲಿ ಅದನ್ನು ತಡೆದುಕೊಳ್ಳುವ ಕೆಪಾಸಿಟರ್ ಸಾಮಾನ್ಯವಾಗಿ ಇರುವುದಿಲ್ಲ, ಕಡತವ್ಯವಸ್ಥೆ ಕೆಡುತ್ತದೆ.

ಎಸ್‌ಎಸ್‌ಡಿ ಎಲ್ಲಕ್ಕೂ ಮದ್ದಲ್ಲ ಎಂಬುದನ್ನೂ ಹೇಳಬೇಕು. 4 ಜಿಬಿ ರ‍್ಯಾಮಿನ ಯಂತ್ರಕ್ಕೆ ಜೊತೆಯಲ್ಲೇ ರ‍್ಯಾಮನ್ನು 8 ಜಿಬಿಗೆ ಏರಿಸಿ. ವಿಂಡೋಸ್ 11 ಅಧಿಕೃತವಾಗಿ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಇಂಟೆಲ್‌ನ 8ನೇ ತಲೆಮಾರಿನಿಂದ ಈಚಿನ ಪ್ರೊಸೆಸರನ್ನು ಕೇಳುತ್ತದೆ. ಅದಕ್ಕಿಂತ ಹಳೆಯದಕ್ಕೆ ಲಿನಕ್ಸ್ ಮಿಂಟ್‌ನಂಥ ಉಚಿತ ಆಪರೇಟಿಂಗ್ ಸಿಸ್ಟಂ ಎಸ್‌ಎಸ್‌ಡಿಯ ಮೇಲೆ ಚೆನ್ನಾಗಿ ಓಡುತ್ತದೆ, ಯೂನಿಕೋಡಿನಲ್ಲಿ ಕನ್ನಡ ಟೈಪಿಂಗಿಗೂ ಅಡ್ಡಿಯಿಲ್ಲ.

ಕೊನೆಯದಾಗಿ ಮಾರುವ, ದುರಸ್ತಿ ಮಾಡುವ ನಮ್ಮ ವೃತ್ತಿಬಾಂಧವರಲ್ಲಿ ಎರಡು ಮಾತು. ಬಿಲ್ಲಿನಲ್ಲಿ ‘ಎಸ್‌ಎಸ್‌ಡಿ 500’ ಎಂದಷ್ಟೇ ಗೀಚಬೇಡಿ. ಕಂಪನಿ, ಮಾಡೆಲ್, ಸಾಟಾ ಅಥವಾ ಎನ್‌ವಿಎಂಇ, ಸೀರಿಯಲ್ ನಂಬರು, ವಾರಂಟಿಯ ವರ್ಷ ಬರೆದುಕೊಡಿ. ಮೂರು ವರ್ಷವಾದ ಮೇಲೆ ವಾರಂಟಿ ಕೇಳಲು ಗ್ರಾಹಕರ ಕೈಯಲ್ಲಿರುವುದು ಆ ಚೀಟಿಯೊಂದೇ. 500 ಜಿಬಿ ಡ್ರೈವ್ ವಿಂಡೋಸ್‌ನಲ್ಲಿ 465 ಎಂದು ಕಾಣುವುದು ಎಣಿಕೆಯ ವ್ಯತ್ಯಾಸವೇ ಹೊರತು ಮೋಸವಲ್ಲ ಎಂಬುದನ್ನೂ ಆಗಲೇ ತಿಳಿಸಿ. ಹಾಗೆಯೇ ತೆಗೆದ ಹಳೇ ಡಿಸ್ಕನ್ನು ಗ್ರಾಹಕರು ಕೇಳುವ ಮೊದಲೇ ಅವರ ಕೈಗೆ ಕೊಡಿ. ಅದರಲ್ಲಿ ಅವರ ಆಧಾರ್ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಸ್ಕ್ಯಾನು, ಮಕ್ಕಳ ಅಂಕಪಟ್ಟಿ ಎಲ್ಲ ಇರುತ್ತವೆ, ಮೇಲುಮೇಲಿನ ಫಾರ್ಮ್ಯಾಟಿನಿಂದ ಅವು ಹೋಗಿರುವುದಿಲ್ಲ. ಆ ಡಿಸ್ಕನ್ನು ಮಾರಲೇಬೇಕೆಂದು ಗ್ರಾಹಕರೇ ಹೇಳಿದರೆ ವಿಂಡೋಸ್‌ನ ಡಿಸ್ಕ್‌ಪಾರ್ಟ್ ಎಂಬ ಸಲಕರಣೆಯಲ್ಲಿ ಆ ಡಿಸ್ಕನ್ನೇ ಆರಿಸಿದ್ದೀರಾ ಎಂದು ಎರಡು ಸಲ ನೋಡಿ ‘ಕ್ಲೀನ್ ಆಲ್’ ಕೊಡಿ. 1 ಟಿಬಿ ಡಿಸ್ಕಿನ ಪ್ರತಿ ಜಾಗಕ್ಕೂ ಸೊನ್ನೆ ಬರೆಯಲು ಸುಮಾರು ಮೂರು ಗಂಟೆ ಹಿಡಿಯುತ್ತದೆ, ಅದು ಮುಗಿಯುವ ತನಕ ಡಿಸ್ಕನ್ನು ಕೌಂಟರಿನಿಂದ ಆಚೆ ಬಿಡಬೇಡಿ.

ಇಂತಿ,
ಕಂಪ್ಯೂಟರ್ ದುರಸ್ತಿ ತಂತ್ರಜ್ಞರು,
ಮಂಡ್ಯ